ಸರ್ಗೇಯ್ ವಿನೊಗ್ರಾಡ್ಸ್ಕಿ: ಅಕ್ವೇರಿಯಂ ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾಗಳನ್ನು ಕಂಡುಹಿಡಿದ ವಿಜ್ಞಾನಿ

ಪೀಠಿಕೆ

ದಾವಣಗೆರೆ ನಗರ ಹಾಗೂ ಹರಿಹರದಲ್ಲಿ ಮನೆ, ಅಂಗಡಿ, ಹೋಟೆಲ್ ಮತ್ತು ಆಸ್ಪತ್ರೆಗಳಲ್ಲಿ ಅಲಂಕಾರಿಕ ಮೀನುಗಳನ್ನು ಗಾಜಿನ ಅಕ್ವೇರಿಯಂಗಳಲ್ಲಿ ಸಾಕುವ ಹವ್ಯಾಸವಿರುತ್ತದೆ. ಈ ಭಾಗದಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣಾಂಶವು 35 ಡಿಗ್ರಿ ಸೆಂಟಿಗ್ರೇಡ್ ದಾಟುತ್ತದೆ. ಡಿಸೆಂಬರ್ ಮತ್ತು ಜನವರಿ ತಿಂಗಳುಗಳ ರಾತ್ರಿಗಳಲ್ಲಿ ಅದೇ ಉಷ್ಣಾಂಶವು 15 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಈ ಚಳಿಗಾಲದ ದಿನಗಳಲ್ಲಿ ಅಕ್ವೇರಿಯಂನ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯುವುದು, ಆಹಾರ ಬಿಡುವುದು ಹಾಗೂ ಒಂದೊಂದಾಗಿ ಸಾಯುವುದು ಕಂಡುಬರುತ್ತದೆ. ಸಾಕುವವರು ಇದಕ್ಕೆ ಚಳಿಯೊಂದನ್ನೇ ಕಾರಣವೆಂದು ಭಾವಿಸುತ್ತಾರೆ, ಇಲ್ಲವೇ ಮೀನಿನ ತಳಿಯನ್ನು ದೂರುತ್ತಾರೆ.

ಆದರೆ ಅನೇಕ ಸಂದರ್ಭಗಳಲ್ಲಿ ಮೀನಿಗಿಂತ ಮೊದಲು ಚಳಿಗೆ ಒಳಗಾಗುವುದು ಫಿಲ್ಟರ್‌ನಲ್ಲಿ ವಾಸಿಸುವ ಉಪಯುಕ್ತ ಬ್ಯಾಕ್ಟೀರಿಯಾಗಳು. ಮೀನುಗಳು ತಮ್ಮ ಕಿವಿರುಗಳ ಮೂಲಕ ಅಮೋನಿಯಾವನ್ನು ವಿಸರ್ಜಿಸುತ್ತವೆ. ಇದು ಮೀನಿಗೆ ವಿಷ. ಒಂದು ಗುಂಪಿನ ಬ್ಯಾಕ್ಟೀರಿಯಾಗಳು ಈ ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟ್ ಸಹ ವಿಷಕಾರಿ. ಇನ್ನೊಂದು ಗುಂಪು ಅದನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತದೆ. ಈ ಕ್ರಿಯೆಗೆ ನೈಟ್ರೀಕರಣ ಎಂದು ಹೆಸರು. ಈ ಬ್ಯಾಕ್ಟೀರಿಯಾಗಳನ್ನು ಪ್ರತ್ಯೇಕಿಸಿ, ಅವುಗಳ ಜೀವನಕ್ರಮವನ್ನು ಜಗತ್ತಿಗೆ ತಿಳಿಸಿಕೊಟ್ಟವರು ಸರ್ಗೇಯ್ ನಿಕೊಲಾಯೆವಿಚ್ ವಿನೊಗ್ರಾಡ್ಸ್ಕಿ. ಅವರ ಜೀವನ ಚರಿತ್ರೆಯನ್ನು ಹಾಗೂ ತಣ್ಣೀರಿನಲ್ಲಿ ಈ ಬ್ಯಾಕ್ಟೀರಿಯಾಗಳ ಸ್ಥಿತಿಯನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ವಿನೊಗ್ರಾಡ್ಸ್ಕಿಯವರು 1856ರಲ್ಲಿ ಅಂದಿನ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಕೀವ್ ನಗರದಲ್ಲಿ ಅನುಕೂಲಸ್ಥ ಕುಟುಂಬವೊಂದರಲ್ಲಿ ಜನಿಸಿದರು. ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಯಾವ ವಿದ್ಯೆಯನ್ನು ಆರಿಸಿಕೊಳ್ಳಬೇಕೆಂಬ ವಿಷಯದಲ್ಲಿ ಅವರ ಮನಸ್ಸು ಬಹುಕಾಲ ನಿಲ್ಲಲಿಲ್ಲ. ಕೀವ್ ವಿಶ್ವವಿದ್ಯಾನಿಲಯದಲ್ಲಿ ಮೊದಲು ಕಾನೂನು ವಿಭಾಗಕ್ಕೆ ಸೇರಿ, ಬಳಿಕ ವಿಜ್ಞಾನಕ್ಕೆ ಬದಲಾಯಿಸಿ, ಅದನ್ನೂ ನಡುವೆಯೇ ಕೈಬಿಟ್ಟರು. ಅನಂತರ ಸೇಂಟ್ ಪೀಟರ್ಸ್‌ಬರ್ಗ್‌ನ ಸಂಗೀತ ವಿದ್ಯಾಲಯವನ್ನು ಸೇರಿ, ಪ್ರಸಿದ್ಧ ಶಿಕ್ಷಕ ಲೆಶೆಟಿಟ್ಸ್ಕಿಯವರಲ್ಲಿ ಪಿಯಾನೋ ವಾದನವನ್ನು ಅಭ್ಯಾಸ ಮಾಡಿದರು. ಸಂಗೀತದ ಮೇಲಿನ ಪ್ರೀತಿ ಅವರಲ್ಲಿ ಉಳಿಯಿತಾದರೂ ಅದು ಅವರ ವೃತ್ತಿಯಾಗಲಿಲ್ಲ.

1877ರಲ್ಲಿ ಅವರು ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಮತ್ತೆ ವಿಜ್ಞಾನದ ವ್ಯಾಸಂಗ ಆರಂಭಿಸಿದರು. 1879ರಲ್ಲಿ ಅವರ ವಿವಾಹವಾಯಿತು. 1881ರಲ್ಲಿ ಪದವಿ ಪಡೆದ ನಂತರ, ಸಸ್ಯಶಾಸ್ತ್ರಜ್ಞ ಫಮಿಂಟ್ಸಿನ್ ಅವರ ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿಗಳ ಅಧ್ಯಯನದಲ್ಲಿ ತೊಡಗಿದರು. ಒಂದು ಸೂಕ್ಷ್ಮಜೀವಿಯ ಬೆಳವಣಿಗೆಯು ಅದರ ಸುತ್ತಲಿನ ಪರಿಸ್ಥಿತಿ ಬದಲಾದಂತೆ ಹೇಗೆ ಬದಲಾಗುತ್ತದೆಂಬುದೇ ಅವರ ಆರಂಭಿಕ ಅಧ್ಯಯನದ ವಿಷಯವಾಗಿತ್ತು. ಜೀವಿಯನ್ನು ಅದರ ಪರಿಸರದೊಂದಿಗೆ ಸೇರಿಸಿಯೇ ನೋಡಬೇಕೆಂಬ ಈ ದೃಷ್ಟಿಯು ಅವರ ಜೀವಮಾನದ ಎಲ್ಲ ಸಂಶೋಧನೆಗಳಿಗೂ ಆಧಾರವಾಯಿತು.

ಸ್ಟ್ರಾಸ್‌ಬರ್ಗ್‌ನಲ್ಲಿ ಸಂಶೋಧನೆ

1885ರಲ್ಲಿ ವಿನೊಗ್ರಾಡ್ಸ್ಕಿಯವರು ಅಂದು ಜರ್ಮನಿಯ ಆಡಳಿತದಲ್ಲಿದ್ದ ಸ್ಟ್ರಾಸ್‌ಬರ್ಗ್‌ಗೆ ತೆರಳಿ, ಹೆಸರಾಂತ ಸಸ್ಯಶಾಸ್ತ್ರಜ್ಞ ಆಂಟನ್ ಡಿ ಬಾರಿ ಅವರ ಪ್ರಯೋಗಾಲಯವನ್ನು ಸೇರಿದರು. ಅಲ್ಲಿ ಅವರು ಗಂಧಕಯುಕ್ತ ಬುಗ್ಗೆಗಳ ನೀರಿನಲ್ಲಿ ಬೆಳೆಯುವ ಬೆಗ್ಗಿಯಟೋವ ಎಂಬ ಎಳೆಯಾಕಾರದ ಬ್ಯಾಕ್ಟೀರಿಯಾವನ್ನು ಅಧ್ಯಯನಕ್ಕೆ ಆರಿಸಿಕೊಂಡರು. ಗಾಜಿನ ಪಟ್ಟಿಯ ಮೇಲೆ ಕೆಲವೇ ಎಳೆಗಳನ್ನಿಟ್ಟು, ಅವುಗಳಿಗೆ ದಿನವೂ ಹೊಸ ನೀರನ್ನು ಹನಿಸುತ್ತಾ, ಅದೇ ಎಳೆಗಳನ್ನು ದಿನಗಟ್ಟಲೆ ಸೂಕ್ಷ್ಮದರ್ಶಕದಲ್ಲಿ ಗಮನಿಸಿದರು. ಕೊಳೆತ ಮೊಟ್ಟೆಯ ವಾಸನೆಯುಳ್ಳ ಹೈಡ್ರೋಜನ್ ಸಲ್ಫೈಡ್ ದೊರೆತಾಗ ಎಳೆಗಳೊಳಗೆ ಗಂಧಕದ ಕಣಗಳು ತುಂಬಿಕೊಳ್ಳುತ್ತಿದ್ದವು. ಅದು ದೊರೆಯದಿದ್ದಾಗ ಆ ಕಣಗಳು ಕರಗಿ ಸಲ್ಫ್ಯೂರಿಕ್ ಆಮ್ಲವಾಗುತ್ತಿದ್ದವು. ಗಂಧಕ ಪೂರ್ತಿ ಮುಗಿದ ಮೇಲೆ ಎಳೆಗಳು ಸಾಯುತ್ತಿದ್ದವು.

ಪ್ರಾಣಿಗಳು ಅನ್ನಾಹಾರಗಳಿಂದಲೂ ಹಸಿರು ಸಸ್ಯಗಳು ಸೂರ್ಯನ ಬೆಳಕಿನಿಂದಲೂ ಶಕ್ತಿ ಪಡೆಯುತ್ತವೆಂಬುದು ಆವರೆಗಿನ ತಿಳಿವಳಿಕೆಯಾಗಿತ್ತು. ಖನಿಜ ಪದಾರ್ಥವೊಂದನ್ನು ಉತ್ಕರ್ಷಿಸಿ ಅದರಿಂದಲೇ ಶಕ್ತಿ ಪಡೆದು ಬದುಕುವ ಜೀವಿಗಳೂ ಇವೆಯೆಂದು ವಿನೊಗ್ರಾಡ್ಸ್ಕಿಯವರು 1887ರಲ್ಲಿ ಪ್ರಕಟಿಸಿದ ಲೇಖನದಿಂದ ಗೊತ್ತಾಯಿತು. ಇದು ಜೀವವಿಜ್ಞಾನಕ್ಕೆ ಒಂದು ಹೊಸ ಅಧ್ಯಾಯವನ್ನೇ ಸೇರಿಸಿತು. 1888ರ ಆರಂಭದಲ್ಲಿ ಡಿ ಬಾರಿಯವರು ನಿಧನ ಹೊಂದಿದ್ದರಿಂದ ವಿನೊಗ್ರಾಡ್ಸ್ಕಿಯವರು ಸ್ಟ್ರಾಸ್‌ಬರ್ಗ್ ಬಿಟ್ಟು, ರಸಾಯನಶಾಸ್ತ್ರದ ಹೆಚ್ಚಿನ ಜ್ಞಾನಕ್ಕಾಗಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರಕ್ಕೆ ತೆರಳಿದರು.

ನೈಟ್ರೀಕರಣದ ಬಗ್ಗೆ ಹಿಂದಿನವರ ಪ್ರಯತ್ನಗಳು

ಗೊಬ್ಬರ ಮತ್ತು ಮೂತ್ರ ಸೇರಿದ ಮಣ್ಣಿನಲ್ಲಿ ಪೆಟ್ಲುಪ್ಪು ಉಂಟಾಗುವುದು ಹಿಂದಿನಿಂದಲೂ ತಿಳಿದಿದ್ದ ವಿಷಯ. ಮದ್ದಿನ ತಯಾರಿಕೆಗೆ ಬೇಕಾದ ಪೆಟ್ಲುಪ್ಪನ್ನು ಇಂತಹ ಮಣ್ಣಿನಿಂದಲೇ ತೆಗೆಯಲಾಗುತ್ತಿತ್ತು. ಆದರೆ ಇದು ಕೇವಲ ರಾಸಾಯನಿಕ ಕ್ರಿಯೆಯೋ ಅಥವಾ ಜೀವಿಗಳ ಕೆಲಸವೋ ಎಂಬುದು ತಿಳಿದಿರಲಿಲ್ಲ.

1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಜ್ ಎಂಬ ವಿಜ್ಞಾನಿಗಳು ಮರಳು ಮತ್ತು ಸುಣ್ಣದ ಕಲ್ಲನ್ನು ತುಂಬಿದ ಕೊಳವೆಯ ಮೂಲಕ ಚರಂಡಿ ನೀರನ್ನು ನಿಧಾನವಾಗಿ ಹರಿಸಿದರು. ಸುಮಾರು 20 ದಿನಗಳವರೆಗೆ ನೀರಿನಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. ಅನಂತರ ಅಮೋನಿಯಾ ಕಡಿಮೆಯಾಗುತ್ತಾ ನೈಟ್ರೇಟ್ ಕಾಣಿಸಿಕೊಂಡಿತು. ಕೊಳವೆಗೆ ಕ್ಲೋರೋಫಾರಂ ಹಬೆಯನ್ನು ಹಾಯಿಸಿದಾಗ ಈ ಕ್ರಿಯೆ ನಿಂತುಹೋಯಿತು. ಮಣ್ಣು ಬೆರೆಸಿದ ಸ್ವಲ್ಪ ನೀರನ್ನು ಸೇರಿಸಿದಾಗ ಕ್ರಿಯೆ ಪುನಃ ಆರಂಭವಾಯಿತು. ಹೀಗೆ ಇದು ಜೀವಿಗಳ ಕೆಲಸವೆಂಬುದು ಖಚಿತವಾಯಿತು. ಇಂದಿನ ಅಕ್ವೇರಿಯಂ ಫಿಲ್ಟರ್‌ನಲ್ಲಿ ನಡೆಯುವುದು ಇದೇ ಪ್ರಯೋಗ. ಹೊಸ ಅಕ್ವೇರಿಯಂ ಹದಕ್ಕೆ ಬರಲು ಕೆಲವು ವಾರಗಳು ಬೇಕಾಗುವುದೂ ಇದೇ ಕಾರಣದಿಂದ.

ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಾರಿಂಗ್ಟನ್ ಎಂಬುವರು ಈ ಕ್ರಿಯೆಯು ಎರಡು ಹಂತಗಳಲ್ಲಿ ನಡೆಯುತ್ತದೆಂಬುದನ್ನು ತೋರಿಸಿದರು. ಆದರೆ ಅನೇಕ ವರ್ಷಗಳ ಪ್ರಯತ್ನದ ನಂತರವೂ ಆ ಜೀವಿಗಳನ್ನು ಪ್ರತ್ಯೇಕಿಸಲು ಅವರಿಗೆ ಸಾಧ್ಯವಾಗಲಿಲ್ಲ.

ಜ್ಯೂರಿಕ್‌ನಲ್ಲಿ ಸಾಧನೆ

ಅಂದಿನ ಕಾಲದಲ್ಲಿ ಬ್ಯಾಕ್ಟೀರಿಯಾಗಳನ್ನು ಪ್ರತ್ಯೇಕಿಸಲು ಮಾಂಸದ ಸಾರ ಬೆರೆಸಿದ ಜೆಲಟಿನ್ ತಟ್ಟೆಗಳನ್ನು ಬಳಸುವುದು ರೂಢಿಯಲ್ಲಿತ್ತು. ವಿನೊಗ್ರಾಡ್ಸ್ಕಿಯವರೂ ಮೊದಲು ಇದನ್ನೇ ಬಳಸಿದರು. ತಟ್ಟೆಯ ಮೇಲೆ ಹಲವು ಬಗೆಯ ಬ್ಯಾಕ್ಟೀರಿಯಾಗಳು ಬೆಳೆದವು. ಅವುಗಳಲ್ಲಿ ಒಂದೂ ಅಮೋನಿಯಾವನ್ನು ಮಾರ್ಪಡಿಸಲಿಲ್ಲ. ಸಮೃದ್ಧ ಆಹಾರವಿರುವ ಕಡೆ ಬೇಗ ಬೆಳೆಯುವ ಜೀವಿಗಳೇ ತುಂಬಿಕೊಳ್ಳುತ್ತವೆ, ತಮಗೆ ಬೇಕಾದ ಜೀವಿಗೆ ಆ ಆಹಾರವೇ ಒಗ್ಗುವುದಿಲ್ಲವೆಂದು ಅವರು ಊಹಿಸಿದರು.

ಆದುದರಿಂದ ಅವರು ಮಾಂಸಸಾರ, ಸಕ್ಕರೆ ಮುಂತಾದ ಯಾವ ಜೈವಿಕ ಪದಾರ್ಥವನ್ನೂ ಸೇರಿಸದೆ, ಕೇವಲ ನೀರು, ಅಮೋನಿಯಾ ಲವಣ, ಸುಣ್ಣದ ಅಂಶ ಮತ್ತು ಕೆಲವು ಖನಿಜ ಲವಣಗಳ ದ್ರಾವಣವನ್ನು ಸಿದ್ಧಪಡಿಸಿದರು. ಸಾಮಾನ್ಯ ಬ್ಯಾಕ್ಟೀರಿಯಾಗಳಿಗೆ ಇದು ಉಪವಾಸದ ನೀರು. ಇದರಲ್ಲಿ ಸ್ವಲ್ಪ ಮಣ್ಣನ್ನು ಹಾಕಿ, ಅಮೋನಿಯಾ ಮುಗಿದಾಗ ಒಂದು ಹನಿಯನ್ನು ಹೊಸ ದ್ರಾವಣಕ್ಕೆ ವರ್ಗಾಯಿಸಿದರು. ಹೀಗೆ ಮತ್ತೆ ಮತ್ತೆ ವರ್ಗಾಯಿಸುತ್ತಾ ಹೋದಂತೆ ಇತರ ಜೀವಿಗಳು ಕ್ಷೀಣಿಸಿ, ಅಮೋನಿಯಾವನ್ನೇ ನಂಬಿ ಬದುಕುವ ಜೀವಿಗಳು ಉಳಿದುಕೊಂಡವು. ಉಳಿದ ಕಲ್ಮಶವನ್ನು ಬೇರ್ಪಡಿಸಲು ಅವರು ಜೆಲಟಿನ್ ತಟ್ಟೆಯನ್ನೇ ಇನ್ನೊಂದು ರೀತಿಯಲ್ಲಿ ಬಳಸಿದರು. ತಟ್ಟೆಯ ಮೇಲೆ ಏನೂ ಬೆಳೆಯದ ಜಾಗದಿಂದ ಮಾದರಿಯನ್ನು ತೆಗೆದುಕೊಂಡರು. ಮುಂದೆ ಜೆಲಟಿನ್ ಬದಲು ಸಿಲಿಕಾ ಜೆಲ್ ಬಳಸಿ, ಅದರ ಮೇಲೆ ಈ ಜೀವಿಗಳನ್ನು ಬೆಳೆಸುವ ವಿಧಾನವನ್ನೂ ರೂಪಿಸಿದರು.

1890ರಿಂದ ಅವರ ಲೇಖನಗಳು ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ನಿಯತಕಾಲಿಕದಲ್ಲಿ ಸರಣಿಯಾಗಿ ಪ್ರಕಟವಾದವು. ಅಮೋನಿಯಾವನ್ನು ನೈಟ್ರೈಟ್ ಮಾಡುವ ಜೀವಿಗೆ ನೈಟ್ರೊಸೊಮೊನಾಸ್ ಎಂದೂ, ನೈಟ್ರೈಟನ್ನು ನೈಟ್ರೇಟ್ ಮಾಡುವ ಜೀವಿಗೆ ನೈಟ್ರೊಬ್ಯಾಕ್ಟರ್ ಎಂದೂ ಅವರು ಹೆಸರಿಟ್ಟರು. ಈ ಜೀವಿಗಳು ಬೆಳಕಿನ ಸಹಾಯವಿಲ್ಲದೆಯೇ ಇಂಗಾಲದ ಡೈ ಆಕ್ಸೈಡ್‌ನಿಂದ ತಮ್ಮ ದೇಹವನ್ನು ಕಟ್ಟಿಕೊಳ್ಳುತ್ತವೆಂಬುದನ್ನೂ ಲೆಕ್ಕ ಸಹಿತ ತೋರಿಸಿದರು.

ಈ ಲೆಕ್ಕದಿಂದ ಇನ್ನೊಂದು ಮುಖ್ಯ ಅಂಶವೂ ಸ್ಪಷ್ಟವಾಯಿತು. ಅಮೋನಿಯಾದ ಉತ್ಕರ್ಷಣದಿಂದ ದೊರೆಯುವ ಶಕ್ತಿ ಅತ್ಯಲ್ಪ. ಹೆಚ್ಚು ಅಮೋನಿಯಾವನ್ನು ಖರ್ಚು ಮಾಡಿದರೂ ಈ ಬ್ಯಾಕ್ಟೀರಿಯಾಗಳ ಖಾತೆಗೆ ಜಮೆಯಾಗುವ ಬೆಳವಣಿಗೆ ಬಹಳ ಕಡಿಮೆ. ಸಾಮಾನ್ಯ ಬ್ಯಾಕ್ಟೀರಿಯಾಗಳು ಅನುಕೂಲ ಸ್ಥಿತಿಯಲ್ಲಿ 20 ರಿಂದ 30 ನಿಮಿಷಗಳಲ್ಲಿ ಇಮ್ಮಡಿಯಾದರೆ, ನೈಟ್ರೀಕರಣದ ಬ್ಯಾಕ್ಟೀರಿಯಾಗಳಿಗೆ ಹಲವು ಗಂಟೆಗಳಿಂದ ಒಂದು ದಿನಕ್ಕೂ ಮೀರಿದ ಕಾಲ ಬೇಕು. ಒಮ್ಮೆ ನಷ್ಟವಾದರೆ ಅವು ಬೇಗ ಚೇತರಿಸಿಕೊಳ್ಳಲಾರವು.

ಸೇಂಟ್ ಪೀಟರ್ಸ್‌ಬರ್ಗ್‌ಗೆ ಮರಳಿದ್ದು

1891ರಲ್ಲಿ ಲೂಯಿ ಪಾಶ್ಚರ್ ಅವರು ವಿನೊಗ್ರಾಡ್ಸ್ಕಿಯವರನ್ನು ತಮ್ಮ ಸಂಸ್ಥೆಗೆ ಆಹ್ವಾನಿಸಿದರು. ಆದರೆ ಅವರು ಸ್ವದೇಶದ ಸೇವೆಯನ್ನು ಆರಿಸಿಕೊಂಡು, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹೊಸದಾಗಿ ಸ್ಥಾಪನೆಯಾಗಿದ್ದ ಪ್ರಾಯೋಗಿಕ ವೈದ್ಯಕೀಯ ಸಂಸ್ಥೆಯ ಸೂಕ್ಷ್ಮಜೀವಿ ವಿಭಾಗದ ಮುಖ್ಯಸ್ಥರಾದರು. ಶರೀರಶಾಸ್ತ್ರಜ್ಞ ಪಾವ್ಲೋವ್ ಅವರು ಇದೇ ಸಂಸ್ಥೆಯಲ್ಲಿ ಅವರ ಸಹೋದ್ಯೋಗಿಯಾಗಿದ್ದರು. ಇಲ್ಲಿ ವಿನೊಗ್ರಾಡ್ಸ್ಕಿಯವರು ಗಾಳಿಯ ಸಾರಜನಕವನ್ನು ಸ್ಥಿರೀಕರಿಸುವ, ಮಣ್ಣಿನಲ್ಲಿ ಸ್ವತಂತ್ರವಾಗಿ ಬದುಕುವ ಬ್ಯಾಕ್ಟೀರಿಯಾವೊಂದನ್ನು ಕಂಡುಹಿಡಿದು, ಪಾಶ್ಚರ್ ಅವರ ಗೌರವಾರ್ಥ ಅದಕ್ಕೆ ಅವರ ಹೆಸರನ್ನಿಟ್ಟರು. ತಮ್ಮ ಶಿಷ್ಯ ಒಮೆಲ್ಯಾನ್ಸ್ಕಿಯವರೊಂದಿಗೆ ನೈಟ್ರೀಕರಣದ ಅಧ್ಯಯನವನ್ನೂ ಮುಂದುವರಿಸಿದರು.

1902ರಲ್ಲಿ ಅವರು ಸಂಸ್ಥೆಯ ನಿರ್ದೇಶಕರಾದರು. ಆಡಳಿತದ ಹೊಣೆ ಹೆಚ್ಚಿದಂತೆ ಪ್ರಯೋಗಾಲಯದ ಕೆಲಸಕ್ಕೆ ಸಮಯ ಕಡಿಮೆಯಾಯಿತು. ಆರೋಗ್ಯವೂ ಕೆಟ್ಟಿತು. 1905ರಲ್ಲಿ ಹುದ್ದೆಯನ್ನು ತೊರೆದು, ಉಕ್ರೇನ್‌ನ ಪೊಡೋಲಿಯಾ ಪ್ರಾಂತ್ಯದಲ್ಲಿದ್ದ ತಮ್ಮ ಗೊರೊಡೊಕ್ ಜಮೀನಿನಲ್ಲಿ ನೆಲೆಸಿದರು. ಅಲ್ಲಿಂದ ಮುಂದೆ ಸುಮಾರು 15 ವರ್ಷಗಳ ಕಾಲ ಅವರು ಕೃಷಿ ಮತ್ತು ಅರಣ್ಯ ನಿರ್ವಹಣೆಯಲ್ಲಿ ತೊಡಗಿದ್ದರಲ್ಲದೆ ಸೂಕ್ಷ್ಮಜೀವಿಶಾಸ್ತ್ರದ ಕೆಲಸ ಮಾಡಲಿಲ್ಲ. ಅವರ ವೈಜ್ಞಾನಿಕ ಜೀವನ ಮುಗಿಯಿತೆಂದೇ ಅನೇಕರು ಭಾವಿಸಿದ್ದರು.

ಕ್ರಾಂತಿ, ವಲಸೆ ಮತ್ತು ಎರಡನೆಯ ಆರಂಭ

1917ರ ರಷ್ಯಾದ ಕ್ರಾಂತಿ ಹಾಗೂ ಅದನ್ನು ಹಿಂಬಾಲಿಸಿದ ಅಂತರ್ಯುದ್ಧದಲ್ಲಿ ವಿನೊಗ್ರಾಡ್ಸ್ಕಿಯವರು ತಮ್ಮ ಆಸ್ತಿಯನ್ನು ಕಳೆದುಕೊಂಡು ದೇಶವನ್ನು ಬಿಡಬೇಕಾಯಿತು. ಸ್ವಿಟ್ಜರ್ಲೆಂಡಿನ ಮೂಲಕ ಬೆಲ್‌ಗ್ರೇಡ್ ತಲುಪಿ, 1921ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ಅಲ್ಲಿ ಸರಿಯಾದ ಪ್ರಯೋಗಾಲಯವಾಗಲೀ ಗ್ರಂಥಾಲಯವಾಗಲೀ ಇರಲಿಲ್ಲ.

1922ರಲ್ಲಿ ಪಾಶ್ಚರ್ ಸಂಸ್ಥೆಯ ನಿರ್ದೇಶಕ ಎಮಿಲ್ ರೂ ಅವರು ವಿನೊಗ್ರಾಡ್ಸ್ಕಿಯವರನ್ನು ಫ್ರಾನ್ಸಿಗೆ ಕರೆಸಿಕೊಂಡರು. ಮೂವತ್ತೊಂದು ವರ್ಷಗಳ ಹಿಂದೆ ನಿರಾಕರಿಸಿದ್ದ ಸಂಸ್ಥೆಗೆ ಅವರು ತಮ್ಮ 65ನೆಯ ವಯಸ್ಸಿನ ನಂತರ ಸೇರಿದರು. ಸಾಮಾನ್ಯವಾಗಿ ಜನರು ನಿವೃತ್ತರಾಗುವ ವಯಸ್ಸಿನಲ್ಲಿ, ಪ್ಯಾರಿಸ್ ಸಮೀಪದ ಬ್ರೀ ಕೋಂತ್ ರೊಬೇರ್ ಎಂಬ ಊರಿನಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ಪ್ರಯೋಗಾಲಯವನ್ನು ಆರಂಭಿಸಿ, ನೈಟ್ರೀಕರಣದ ಪ್ರಶ್ನೆಗಳನ್ನು ಪುನಃ ಕೈಗೆತ್ತಿಕೊಂಡರು. ಈ ಕಾರ್ಯದಲ್ಲಿ ಅವರ ಮಗಳು ಹೆಲೆನ್ ಅವರು ಸಹಾಯಕರಾಗಿದ್ದರು. ತಂದೆ ಮತ್ತು ಮಗಳು ಸೇರಿ 1933ರಲ್ಲಿ ಅಮೋನಿಯಾ ಮಾರ್ಪಡಿಸುವ ಇನ್ನೂ ಕೆಲವು ಬಗೆಯ ಬ್ಯಾಕ್ಟೀರಿಯಾಗಳನ್ನು ವಿವರಿಸಿದರು. ಹೆಲೆನ್ ಅವರು ಪ್ಯಾರಿಸ್ ನಗರದ ಚರಂಡಿ ನೀರಿನ ಶುದ್ಧೀಕರಣದಲ್ಲಿ ಇದೇ ಜೀವಿಗಳ ಪಾತ್ರವನ್ನು ಅಧ್ಯಯನ ಮಾಡಿ 1935ರಲ್ಲಿ ಪ್ರಕಟಿಸಿದರು.

ಫ್ರಾನ್ಸಿನ ವಿಜ್ಞಾನ ಅಕಾಡೆಮಿಯು 1924ರಲ್ಲಿ ವಿನೊಗ್ರಾಡ್ಸ್ಕಿಯವರನ್ನು ವಿದೇಶಿ ಸದಸ್ಯರನ್ನಾಗಿ ಆಯ್ಕೆ ಮಾಡಿತು. 1935ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನ ಅಕಾಡೆಮಿಯು ಅವರಿಗೆ ಲೀವೆನ್‌ಹುಕ್ ಪದಕವನ್ನು ನೀಡಿ ಗೌರವಿಸಿತು. ಎರಡನೆಯ ಮಹಾಯುದ್ಧದ ಕಷ್ಟದ ವರ್ಷಗಳನ್ನು ದಾಟಿ, 1949ರಲ್ಲಿ ತಮ್ಮ ಜೀವಮಾನದ ಸಂಶೋಧನೆಗಳನ್ನು ಒಂದು ಬೃಹತ್ ಗ್ರಂಥವಾಗಿ ಹೊರತಂದರು. ಆಗ ಅವರ ವಯಸ್ಸು 90 ದಾಟಿತ್ತು. ಅವರು 1953ರ ಫೆಬ್ರವರಿಯಲ್ಲಿ ಬ್ರೀ ಕೋಂತ್ ರೊಬೇರ್‌ನಲ್ಲಿ ನಿಧನ ಹೊಂದಿದರು.

ಕರ್ನಾಟಕದೊಂದಿಗೆ ಈ ವಿಷಯದ ಸಂಬಂಧ

ವಿನೊಗ್ರಾಡ್ಸ್ಕಿಯವರು ತಿಳಿಸಿದ ಜೀವಿಗಳನ್ನು ನಗರಗಳ ನೀರಿನ ಶುದ್ಧೀಕರಣಕ್ಕೆ ಬಳಸುವ ಪ್ರಯತ್ನ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಯಶಸ್ವಿಯಾಯಿತು. ಹತ್ತಿ ಗಿರಣಿಗಳ ಕಾಲದಲ್ಲಿ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದುದು ಈ ಭಾಗದ ಎಲ್ಲರಿಗೂ ತಿಳಿದ ಸಂಗತಿ. ಮೂಲ ಮ್ಯಾಂಚೆಸ್ಟರ್‌ನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬ ರಸಾಯನಶಾಸ್ತ್ರಜ್ಞರು ಗಿಲ್ಬರ್ಟ್ ಫೌಲರ್ ಅವರ ಪ್ರೇರಣೆಯಿಂದ ಚರಂಡಿ ನೀರಿಗೆ ಗಾಳಿಯನ್ನು ಹಾಯಿಸುವ ಪ್ರಯೋಗ ನಡೆಸಿ, 1914ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೊದಲ ಸಲ ನೀರಿನ ಅಮೋನಿಯಾ ಪೂರ್ತಿ ನೈಟ್ರೇಟ್ ಆಗಲು ಸುಮಾರು 5 ವಾರಗಳು ಬೇಕಾದವು. ತಿಳಿ ನೀರನ್ನು ಮಾತ್ರ ಚೆಲ್ಲಿ, ತಳದಲ್ಲಿ ಕುಳಿತ ಕೆಸರನ್ನು ಉಳಿಸಿಕೊಂಡು ಹೊಸ ನೀರನ್ನು ಹಾಕುತ್ತಾ ಹೋದಂತೆ ಅದೇ ಕೆಲಸ ಒಂದು ದಿನದೊಳಗೆ ಮುಗಿಯತೊಡಗಿತು. ಕೆಸರೆಂದು ಚೆಲ್ಲುತ್ತಿದ್ದ ಪದಾರ್ಥವೇ ಕೆಲಸ ಮಾಡುವ ಜೀವಿಗಳ ನೆಲೆಯೆಂದು ಇದರಿಂದ ತಿಳಿಯಿತು.

ಇದೇ ಫೌಲರ್ ಅವರು 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಅಲ್ಲಿ 1921ರಲ್ಲಿ ಆರಂಭವಾದ ಜೀವರಸಾಯನ ವಿಭಾಗದ ಮೊದಲ ಮುಖ್ಯಸ್ಥರೂ ಅವರೇ.

ತಣ್ಣೀರಿನಲ್ಲಿ ಬ್ಯಾಕ್ಟೀರಿಯಾಗಳ ಸ್ಥಿತಿ

ನೈಟ್ರೀಕರಣದ ಬ್ಯಾಕ್ಟೀರಿಯಾಗಳು ಸುಮಾರು 25 ರಿಂದ 30 ಡಿಗ್ರಿ ಸೆಂಟಿಗ್ರೇಡ್ ಉಷ್ಣಾಂಶದಲ್ಲಿ ಚುರುಕಾಗಿರುತ್ತವೆ. ನೀರು ತಣ್ಣಗಾದಂತೆ ಅವುಗಳ ವೇಗ ಕುಗ್ಗುತ್ತದೆ. ಸ್ಥೂಲವಾಗಿ ಹೇಳುವುದಾದರೆ ಪ್ರತಿ 10 ಡಿಗ್ರಿ ಇಳಿಕೆಗೆ ವೇಗವು ಅರ್ಧದಷ್ಟು ಅಥವಾ ಅದಕ್ಕಿಂತಲೂ ಕಡಿಮೆಯಾಗುತ್ತದೆ. 10 ಡಿಗ್ರಿಗಿಂತ ಕೆಳಗೆ ಕ್ರಿಯೆ ತೀರಾ ಮಂದವಾಗುತ್ತದೆ. ಹಾಗೆಂದು ಅವು ಸಾಯುವುದಿಲ್ಲ. ತಣ್ಣೀರಿನಲ್ಲಿ ಸುಪ್ತವಾಗಿದ್ದು, ನೀರು ಬೆಚ್ಚಗಾದಾಗ ಪುನಃ ಕೆಲಸ ಆರಂಭಿಸುತ್ತವೆ. ನೀರು ಹೆಪ್ಪುಗಟ್ಟಿದರೆ ಮಾತ್ರ ಅವುಗಳಿಗೆ ಹೆಚ್ಚಿನ ಹಾನಿಯಾಗುತ್ತದೆ. ದಾವಣಗೆರೆ ಮತ್ತು ಹರಿಹರದಲ್ಲಿ ಅಂತಹ ಚಳಿ ಇರುವುದಿಲ್ಲ. ಆದುದರಿಂದ ಇಲ್ಲಿ ಆಗುವ ನಷ್ಟವು ಬಹುಮಟ್ಟಿಗೆ ತಪ್ಪಿಸಬಹುದಾದ ನಷ್ಟವಾಗಿರುತ್ತದೆ.

ಈ ವಿಷಯವನ್ನು ಜಮಾ ಖರ್ಚಿನ ಲೆಕ್ಕದಂತೆ ತಿಳಿಯಬಹುದು. ಮೀನುಗಳ ವಿಸರ್ಜನೆ ಮತ್ತು ಉಳಿದ ಆಹಾರದಿಂದ ಅಮೋನಿಯಾ ನೀರಿಗೆ ಜಮೆಯಾಗುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ಖರ್ಚು ಮಾಡುತ್ತವೆ. ಚಳಿಯಲ್ಲಿ ಮೀನು ಕಡಿಮೆ ತಿನ್ನುವುದರಿಂದ ಅದರಿಂದ ಬರುವ ಜಮೆ ಕಡಿಮೆಯಾಗುತ್ತದೆ. ಬ್ಯಾಕ್ಟೀರಿಯಾದ ವೇಗ ಇಳಿಯುವುದರಿಂದ ಖರ್ಚೂ ಕಡಿಮೆಯಾಗುತ್ತದೆ. ಎರಡೂ ಸಮನಾಗಿ ಇಳಿದರೆ ತೊಂದರೆಯಿಲ್ಲ. ಆದರೆ ಸಾಕುವವರು ಬೇಸಿಗೆಯಲ್ಲಿ ಹಾಕುತ್ತಿದ್ದಷ್ಟೇ ಆಹಾರವನ್ನು ಹಾಕಿದಾಗ ತಿನ್ನದೆ ಉಳಿದ ಆಹಾರ ಕೊಳೆತು, ಅಮೋನಿಯಾ ದಿನೇ ದಿನೇ ಶಿಲ್ಕಾಗಿ ಉಳಿಯುತ್ತದೆ.

ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ನೀರಿನಲ್ಲಿ ಅಮೋನಿಯಾ ಎರಡು ರೂಪಗಳಲ್ಲಿ ಇರುತ್ತದೆ. ಅವುಗಳಲ್ಲಿ ಮೀನಿಗೆ ಹೆಚ್ಚು ವಿಷವಾದ ರೂಪದ ಪ್ರಮಾಣವು ನೀರಿನ ಕ್ಷಾರಗುಣ ಮತ್ತು ಉಷ್ಣಾಂಶ ಹೆಚ್ಚಿದಂತೆ ಹೆಚ್ಚುತ್ತದೆ. ಪಿ.ಹೆಚ್. 8 ಇರುವ ನೀರಿನಲ್ಲಿ 15 ಡಿಗ್ರಿ ಉಷ್ಣಾಂಶದಲ್ಲಿ ಒಟ್ಟು ಅಮೋನಿಯಾದ ಸುಮಾರು ಶೇ. 2.7ರಷ್ಟು ಮಾತ್ರ ವಿಷಕಾರಿ ರೂಪದಲ್ಲಿದ್ದರೆ, 25 ಡಿಗ್ರಿಯಲ್ಲಿ ಅದು ಸುಮಾರು ಶೇ. 5ಕ್ಕೆ ಏರುತ್ತದೆ. ಹೀಗಾಗಿ ಚಳಿಯ ದಿನಗಳಲ್ಲಿ ಶಿಲ್ಕಾದ ಅಮೋನಿಯಾ ಕೂಡಲೇ ಮೀನನ್ನು ಕೊಲ್ಲದೆ ಇರಬಹುದು. ನೀರನ್ನು ಒಮ್ಮೆಲೇ ಬೆಚ್ಚಗೆ ಮಾಡಿದಾಗ ವಿಷದ ಪ್ರಮಾಣ ಇಮ್ಮಡಿಯಾಗುತ್ತದೆ, ಆದರೆ ಬ್ಯಾಕ್ಟೀರಿಯಾಗಳ ಸಂಖ್ಯೆ ಅಷ್ಟು ಬೇಗ ಹೆಚ್ಚುವುದಿಲ್ಲ. ಚಳಿಯಲ್ಲಿ ಬೆಳೆದ ಸಾಲವನ್ನು ಬಿಸಿಲು ಬಂದ ದಿನ ತೀರಿಸಬೇಕಾಗುತ್ತದೆ. ಚಳಿ ಕಳೆದ ಮೇಲೆ ಮೀನುಗಳು ಸಾಯುವುದಕ್ಕೆ ಇದೂ ಒಂದು ಕಾರಣ.

ನೈಟ್ರೈಟ್‌ನಿಂದಲೂ ಅಪಾಯವಿದೆ. ಅದು ಮೀನಿನ ರಕ್ತವು ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕುಂದಿಸುತ್ತದೆ. ಇಂತಹ ಮೀನುಗಳ ಕಿವಿರುಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ನೀರಿನಲ್ಲಿ ಆಮ್ಲಜನಕ ಸಾಕಷ್ಟಿದ್ದರೂ ಅವು ಉಸಿರಿಗಾಗಿ ಮೇಲೆ ಬರುತ್ತವೆ.

ಚಳಿಗಾಲದಲ್ಲಿ ಪಾಲಿಸಬೇಕಾದ ಕ್ರಮಗಳು

ಅಲಂಕಾರಿಕ ಮೀನು ಸಾಕುವವರು ನವೆಂಬರ್‌ನಿಂದ ಫೆಬ್ರವರಿವರೆಗೆ ಕೆಳಕಂಡ ಕ್ರಮಗಳನ್ನು ಅನುಸರಿಸುವುದು ಸೂಕ್ತ.

1. ಅಕ್ವೇರಿಯಂನಲ್ಲಿ ಒಂದು ಥರ್ಮಾಮೀಟರ್ ಇಟ್ಟು, ಬೆಳಗಿನ ಜಾವ ಮತ್ತು ಮಧ್ಯಾಹ್ನದ ಉಷ್ಣಾಂಶವನ್ನು ಗುರುತು ಮಾಡಿಕೊಳ್ಳಬೇಕು. ತಾರಸಿಯ ಮೇಲಿನ ಸಿಮೆಂಟ್ ತೊಟ್ಟಿಗಳಲ್ಲಿ ಈ ವ್ಯತ್ಯಾಸ ಹೆಚ್ಚಾಗಿರುತ್ತದೆ.

2. ನೀರು ತಣ್ಣಗಾದಂತೆ ಆಹಾರದ ಪ್ರಮಾಣವನ್ನು ಕಡಿಮೆ ಮಾಡಬೇಕು. ಕೆಲವೇ ನಿಮಿಷಗಳಲ್ಲಿ ಮೀನು ತಿಂದು ಮುಗಿಸುವಷ್ಟು ಮಾತ್ರ ಹಾಕಿ, ಉಳಿದುದನ್ನು ತೆಗೆಯಬೇಕು.

3. ಫಿಲ್ಟರ್‌ನ ಸ್ಪಂಜನ್ನು ನಲ್ಲಿ ನೀರಿನಲ್ಲಿ ಉಜ್ಜಿ ತೊಳೆಯಬಾರದು. ದಾವಣಗೆರೆ ನಗರಕ್ಕೆ ಹರಿಹರ ತಾಲ್ಲೂಕಿನ ರಾಜನಹಳ್ಳಿ ಬಳಿ ತುಂಗಭದ್ರಾ ನದಿಯಿಂದ ಎತ್ತಿದ ನೀರು ಹಾಗೂ ಕುಂದುವಾಡ ಕೆರೆಯಲ್ಲಿ ಸಂಗ್ರಹಿಸಿದ ನೀರು ಕ್ಲೋರಿನ್ ಬೆರೆಸಿದ ನಂತರ ಸರಬರಾಜಾಗುತ್ತದೆ. ಕುಡಿಯುವ ನೀರಿಗೆ ಕ್ಲೋರಿನ್ ಅವಶ್ಯ. ಆದರೆ ಫಿಲ್ಟರ್‌ನ ಉಪಯುಕ್ತ ಬ್ಯಾಕ್ಟೀರಿಯಾಗಳಿಗೆ ಅದು ಮಾರಕ. ಸ್ಪಂಜನ್ನು ಅಕ್ವೇರಿಯಂನಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಹಗುರವಾಗಿ ಹಿಂಡಿದರೆ ಸಾಕು. ಚಳಿಯಲ್ಲಿ ನಷ್ಟವಾದ ಬ್ಯಾಕ್ಟೀರಿಯಾ ಪುನಃ ಬೆಳೆಯಲು ಬೇಸಿಗೆಗಿಂತ ಹೆಚ್ಚು ಕಾಲ ಹಿಡಿಯುತ್ತದೆ.

4. ನೀರು ಬದಲಾಯಿಸುವಾಗ ಎಲ್ಲವನ್ನೂ ಒಮ್ಮೆಲೇ ಚೆಲ್ಲದೆ, ನಾಲ್ಕನೇ ಒಂದು ಭಾಗದಷ್ಟನ್ನು ಮಾತ್ರ ಬದಲಾಯಿಸಬೇಕು. ಹೊಸ ನೀರನ್ನು ಒಂದು ದಿನ ತೆರೆದಿಟ್ಟು ಅಥವಾ ಕ್ಲೋರಿನ್ ನಿವಾರಕವನ್ನು ಸೇರಿಸಿ, ಅಕ್ವೇರಿಯಂ ನೀರಿನ ಉಷ್ಣಾಂಶಕ್ಕೆ ಹೊಂದಿಸಿದ ನಂತರ ಹಾಕಬೇಕು.

5. ಗಪ್ಪಿ, ಏಂಜೆಲ್, ಮೋಲಿ ಮುಂತಾದ ಉಷ್ಣವಲಯದ ಮೀನುಗಳಿಗೆ ಹೀಟರ್ ಬಳಸುವುದು ಒಳಿತು. ಹೀಟರ್ ಅನ್ನು ಚಳಿ ಆರಂಭವಾಗುವ ಮುನ್ನವೇ ಅಳವಡಿಸಬೇಕು. ತಣ್ಣಗಾದ ನೀರನ್ನು ದಿನಕ್ಕೆ ಸುಮಾರು 2 ಡಿಗ್ರಿಯಂತೆ ನಿಧಾನವಾಗಿ ಏರಿಸಬೇಕು. ಯಾವ ಕಾರಣಕ್ಕೂ ಬಿಸಿನೀರನ್ನು ಸುರಿಯಬಾರದು. ಗೋಲ್ಡ್ ಫಿಶ್‌ಗೆ ಹೀಟರ್ ಅಗತ್ಯವಿಲ್ಲ. ಆದರೆ ಅದು ಹೆಚ್ಚು ಅಮೋನಿಯಾ ವಿಸರ್ಜಿಸುವ ಮೀನಾದುದರಿಂದ ಆಹಾರದ ಮಿತಿ ಅದಕ್ಕೂ ಅನ್ವಯಿಸುತ್ತದೆ.

6. ಫಿಲ್ಟರ್ ಮತ್ತು ಗಾಳಿಯ ಪಂಪನ್ನು ರಾತ್ರಿ ನಿಲ್ಲಿಸಬಾರದು. ಈ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ನಿರಂತರವಾಗಿ ಬೇಕು.

7. ಹೊಸ ಅಕ್ವೇರಿಯಂ ಬೆಚ್ಚನೆಯ ನೀರಿನಲ್ಲಿ ಹದಕ್ಕೆ ಬರಲು ಸಾಮಾನ್ಯವಾಗಿ 4 ರಿಂದ 6 ವಾರಗಳು ಬೇಕು. ಚಳಿಯಲ್ಲಿ ಇದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಆದುದರಿಂದ ಡಿಸೆಂಬರ್‌ನಲ್ಲಿ ಹೊಸದಾಗಿ ಆರಂಭಿಸುವವರು ಒಂದೆರಡು ಮೀನುಗಳಿಂದಲೇ ಆರಂಭಿಸಬೇಕು. ಆರೋಗ್ಯವಂತ ಹಳೆಯ ಅಕ್ವೇರಿಯಂನ ಸ್ಪಂಜಿನ ತುಂಡೊಂದನ್ನು ಹೊಸ ಫಿಲ್ಟರ್‌ಗೆ ಸೇರಿಸಿದರೆ ಅನುಕೂಲವಾಗುತ್ತದೆ. ಮ್ಯಾಂಚೆಸ್ಟರ್‌ನಲ್ಲಿ ಕೆಸರನ್ನು ಉಳಿಸಿಕೊಂಡ ಕ್ರಮವೂ ಇದೇ ಆಗಿರುತ್ತದೆ.

ಮುಂದಿನ ಸಂಶೋಧನೆಗಳು

ವಿನೊಗ್ರಾಡ್ಸ್ಕಿಯವರ ನಂತರವೂ ಈ ಕ್ಷೇತ್ರದಲ್ಲಿ ಹೊಸ ಅಂಶಗಳು ಹೊರಬಂದಿವೆ. ಅಕ್ವೇರಿಯಂಗಳಲ್ಲಿ ನೈಟ್ರೈಟನ್ನು ಮಾರ್ಪಡಿಸುವ ಕೆಲಸವನ್ನು ಬಹುಪಾಲು ನೈಟ್ರೊಸ್ಪೈರಾ ಎಂಬ ಗುಂಪು ಮಾಡುತ್ತದೆಂದು 1990ರ ದಶಕದ ಕೊನೆಯಲ್ಲಿ ತಿಳಿದುಬಂತು. 2005ರಲ್ಲಿ ಅಮೆರಿಕದ ಸಿಯಾಟಲ್ ನಗರದ ಸಾರ್ವಜನಿಕ ಮತ್ಸ್ಯಾಲಯದ ತೊಟ್ಟಿಯ ಜಲ್ಲಿಯಿಂದ, ಅಮೋನಿಯಾವನ್ನು ಮಾರ್ಪಡಿಸುವ ಆದರೆ ಬ್ಯಾಕ್ಟೀರಿಯಾ ವರ್ಗಕ್ಕೆ ಸೇರದ ಆರ್ಕಿಯಾ ಎಂಬ ಸೂಕ್ಷ್ಮಜೀವಿಯನ್ನು ಪ್ರತ್ಯೇಕಿಸಲಾಯಿತು. 2015ರಲ್ಲಿ ಎರಡೂ ಹಂತಗಳನ್ನು ತಾನೊಂದೇ ಪೂರೈಸುವ ನೈಟ್ರೊಸ್ಪೈರಾ ಜೀವಿಗಳು ಪತ್ತೆಯಾದವು. ಅವುಗಳಲ್ಲಿ ಕೆಲವು ದೊರೆತದ್ದು ನೆದರ್ಲೆಂಡ್ಸ್‌ನ ಮೀನು ಸಾಕಣೆ ವ್ಯವಸ್ಥೆಯೊಂದರ ಫಿಲ್ಟರ್‌ನಲ್ಲಿ. ಎರಡು ಹಂತಗಳಿಗೆ ಎರಡು ಜೀವಿಗಳು ಬೇಕೇ ಬೇಕೆಂಬ ನೂರಕ್ಕೂ ಹೆಚ್ಚು ವರ್ಷಗಳ ತಿಳಿವಳಿಕೆ ಇದರಿಂದ ತಿದ್ದುಪಡಿಯಾಯಿತು. ಆದರೆ ಇವೆಲ್ಲವೂ ನಿಧಾನವಾಗಿ ಬೆಳೆಯುವ ಜೀವಿಗಳೆಂಬ ಅಂಶ ಬದಲಾಗಿಲ್ಲ.

ಉಪಸಂಹಾರ

ವಿನೊಗ್ರಾಡ್ಸ್ಕಿಯವರ ಹೆಸರಿನ ಗಾಜಿನ ಸ್ತಂಭವೊಂದನ್ನು ಇಂದಿಗೂ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಸಿದ್ಧಪಡಿಸಲಾಗುತ್ತದೆ. ಕೆರೆಯ ಕೆಸರು, ನೀರು, ಹರಿದ ಕಾಗದದ ಚೂರುಗಳು ಮತ್ತು ಸ್ವಲ್ಪ ಗಂಧಕದ ಲವಣವನ್ನು ಗಾಜಿನ ಕೊಳವೆಯಲ್ಲಿ ತುಂಬಿ ಬೆಳಕಿನಲ್ಲಿ ಇಟ್ಟರೆ, ಕೆಲವು ವಾರಗಳಲ್ಲಿ ಬೇರೆ ಬೇರೆ ಬಣ್ಣದ ಸೂಕ್ಷ್ಮಜೀವಿಗಳ ಪದರಗಳು ಮೂಡುತ್ತವೆ. ತುಂಗಭದ್ರಾ ತೀರದ ಕೆಸರಿನಿಂದಲೂ ವಿದ್ಯಾರ್ಥಿಗಳು ಇದನ್ನು ಮಾಡಿ ನೋಡಬಹುದು. ಕಾಯುವುದನ್ನು ಬಿಟ್ಟರೆ ಇದಕ್ಕೆ ಬೇರೆ ಖರ್ಚಿಲ್ಲ.

ಅಕ್ವೇರಿಯಂ ಸಾಕುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಫಿಲ್ಟರ್‌ನೊಳಗಿನ ಜೀವಿಗಳನ್ನು ಅವಸರಪಡಿಸಲು ಸಾಧ್ಯವಿಲ್ಲ. ಚಳಿಯಲ್ಲಿ ಅವು ನಿಧಾನವಾದಾಗ ಆಹಾರವನ್ನು ಕಡಿಮೆ ಮಾಡಿ, ಅವುಗಳ ನೆಲೆಯನ್ನು ಕೆಡಿಸದೆ ಕಾದರೆ, ಬೆಚ್ಚನೆಯ ದಿನಗಳು ಬಂದಾಗ ಅವು ತಮ್ಮ ಕೆಲಸವನ್ನು ಪುನಃ ಮಾಡುತ್ತವೆ.

ಈ ಬಗ್ಗೆ ಹೆಚ್ಚಿನ ಮಾಹಿತಿ ಬಯಸುವವರು ತಮ್ಮ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಛೇರಿಯನ್ನು ಕಛೇರಿಯ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.